ಹಳೆ ನಾಣ್ಯ ಕೊಂಡು ಮೋಸಹೋದರೆ: ಕೊಟ್ಟ ದುಡ್ಡನ್ನು ಕಾನೂನಿನ ದಾರಿಯಲ್ಲಿ ವಾಪಸ್ ಪಡೆಯುವುದು ಹೇಗೆ

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಗೋವೆಯ ಪೋರ್ಚುಗೀಸ್ ನಾಣ್ಯ, ಹಳೆ ಅಂಚೆಚೀಟಿಗಳ ಆಲ್ಬಂ, ಗುಡಿಗಾರರ ಕೆತ್ತನೆಯ ಗಂಧದ ಪೆಟ್ಟಿಗೆ. ಉತ್ತರ ಕನ್ನಡದಲ್ಲಿ ಇಂಥವು ಕೈ ಬದಲಾಗುವುದು ಹೆಚ್ಚಾಗಿ ಬಿಲ್ಲಿಲ್ಲದೆ. ವಾಟ್ಸಾಪ್ ಗುಂಪಿಗೆ ಫೋಟೋ ಬರುತ್ತದೆ, ಚೌಕಾಸಿ ನಡೆಯುತ್ತದೆ, ಫೋನಿನಲ್ಲಿ ದುಡ್ಡು ಹೋಗುತ್ತದೆ. ಮಾಲು ಬಾರದೇ ಹೋದಾಗ ಅಥವಾ ಬಂದದ್ದು ಖೋಟಾ ಎಂದು ಗೊತ್ತಾದಾಗ, ‘ಬಿಲ್ ಇಲ್ಲವಲ್ಲ, ಏನೂ ಮಾಡಲಾಗದು’ ಎಂದು ಬಹಳ ಜನ ಕೈಚೆಲ್ಲುತ್ತಾರೆ. ಬಿಲ್ ಇಲ್ಲದಿದ್ದರೂ ಕೇಸ್ ನಿಲ್ಲುತ್ತದೆ. ಅದು ನಿಲ್ಲುವುದು ಒಂದೇ ಸಂಗತಿಯ ಮೇಲೆ: ದುಡ್ಡು ಕೈಬಿಡುವ ಮೊದಲು ಮಾರುವವನು ಆ ವಸ್ತು ಏನೆಂದು ಹೇಳಿದ್ದ, ಆ ಮಾತು ಈಗ ಎಲ್ಲಿ ದಾಖಲಾಗಿದೆ. ಮುಂದಿನ ಹಂತಗಳೆಲ್ಲ ಆ ಮಾತನ್ನು ಕಾಪಾಡಿಕೊಳ್ಳುವುದಕ್ಕೆ ಮತ್ತು ಸರಿಯಾದ ಜಾಗದಲ್ಲಿ ಮುಂದಿಡುವುದಕ್ಕೆ.

ದುಡ್ಡು ಹೋಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲವೆಂದರೆ

ಯುಪಿಐ, ನೆಟ್‌ಬ್ಯಾಂಕಿಂಗ್ ಅಥವಾ ಕಾರ್ಡಿನಲ್ಲಿ ಕೊಟ್ಟಿದ್ದು, ಮಾರಿದವನ ಸುಳಿವೇ ಇಲ್ಲವೆಂದಾದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಠಾಣೆ, ವಕೀಲರು ಆಮೇಲೆ. ಅಲ್ಲಿ ಕೇಳುವ ವಿವರಗಳು ಇಷ್ಟು: ಯಾವ ಬ್ಯಾಂಕಿನಿಂದ ಹೋಯಿತು, ಮೊತ್ತ, ದಿನಾಂಕ ಮತ್ತು ಸಮಯ, 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆ, ಎದುರಿನವನ ಯುಪಿಐ ಐಡಿ ಅಥವಾ ಖಾತೆ ಸಂಖ್ಯೆ, ಫೋನ್ ನಂಬರು. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿ. ದುಡ್ಡು ಮೊದಲು ಸೇರಿದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ದಾಟಿದ್ದರೆ ಸೂಚನೆಯೂ ಅಲ್ಲಿಗೆ ಹೋಗುತ್ತದೆ. ಮೋಸಗಾರರು ಬಳಸುವುದು ಬಾಡಿಗೆ ಖಾತೆಗಳನ್ನು, ದುಡ್ಡು ಅಲ್ಲಿ ಬಹಳ ಹೊತ್ತು ಕೂರುವುದಿಲ್ಲ. ಅವಸರ ಅದಕ್ಕಾಗಿ.

ಕರೆಯ ನಂತರ ಬರುವ ಸ್ವೀಕೃತಿ ಸಂಖ್ಯೆಯನ್ನು ಜೋಪಾನ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಅದೇ ದೂರಿಗೆ ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ. ನಿಮ್ಮ ಬ್ಯಾಂಕ್ ಶಾಖೆಗೂ ಒಂದು ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಪತ್ರದಲ್ಲಿ ‘ನನಗೆ ಗೊತ್ತಿಲ್ಲದೆ ಹಣ ಹೋಗಿದೆ’ ಎಂದು ಬರೆಯಬೇಡಿ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ, ನೀವಾಗಿ ಮಾಡದ ವ್ಯವಹಾರಕ್ಕೆ ಮಾತ್ರ. ನೀವೇ ಪಿನ್ ಒತ್ತಿ ಕಳಿಸಿದ ದುಡ್ಡಿಗೆ ಅದು ಅನ್ವಯಿಸುವುದಿಲ್ಲ. ಪತ್ರದಲ್ಲಿ ಒಂದು, ಠಾಣೆಯಲ್ಲಿ ಇನ್ನೊಂದು ಹೇಳಿದಿರೆಂದರೆ ನಾಳೆ ಎದುರು ವಕೀಲ ಹಿಡಿಯುವುದು ಅದನ್ನೇ. ‘ಮೋಸದ ಮಾತು ನಂಬಿ ಕಳಿಸಿದೆ’ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ.

ಬೈಯುವ ಮೊದಲು ದಾಖಲೆ

ಮೋಸ ಗೊತ್ತಾದ ತಕ್ಷಣ ಮಾರಿದವನಿಗೆ ನಾಲ್ಕು ಬೈದು ಬ್ಲಾಕ್ ಮಾಡುವುದು ಸಹಜ. ಆದರೆ ನೀವು ಬೈದ ಮರುಗಳಿಗೆಯಲ್ಲಿ ಅವನು ತನ್ನ ಮೆಸೇಜುಗಳನ್ನೆಲ್ಲ ಅಳಿಸುತ್ತಾನೆ. ಮೊದಲು ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇ-ಮೇಲಿಗೆ ಕಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಒಂದು ಸಣ್ಣ ಸಂಗತಿ ತಪ್ಪಿಹೋಗುತ್ತದೆ: ನಂಬರನ್ನು ‘ಕಾಯಿನ್ ಕುಮಟಾ’ ಎಂದೇನಾದರೂ ಸೇವ್ ಮಾಡಿಕೊಂಡಿದ್ದರೆ ಪರದೆಯ ಮೇಲೆ ಆ ಹೆಸರೊಂದೇ ಕಾಣುತ್ತದೆ. ನಂಬರು ಕಾಣುವ ಪ್ರೊಫೈಲ್ ಪುಟವನ್ನೂ ತೆಗೆದಿಡಿ. ಗುಂಪಿನಲ್ಲಿ ಹಾಕಿದ ಮೂಲ ಜಾಹೀರಾತು, ವಸ್ತುವಿನ ಫೋಟೋ, ‘ಒರಿಜಿನಲ್, ಗ್ಯಾರಂಟಿ’ ಎಂದ ಧ್ವನಿ ಸಂದೇಶ, ಕೊರಿಯರ್ ರಸೀದಿ, ಪೊಟ್ಟಣದ ಮೇಲಿನ ವಿಳಾಸದ ಚೀಟಿ ಎಲ್ಲವೂ ಬೇಕು.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಡಿಜಿಟಲ್ ದಾಖಲೆಯ ಪ್ರತಿಗಳನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಲಗತ್ತಿಸಬೇಕು. ಅದರಲ್ಲಿ ಯಾವ ಫೋನಿನಿಂದ ತೆಗೆದದ್ದು ಎಂಬ ವಿವರವೂ ಕಡತದ ಹ್ಯಾಶ್ ಮೌಲ್ಯವೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಇರುತ್ತವೆ. ಅದನ್ನು ವಕೀಲರು ಮಾಡಿಸುತ್ತಾರೆ. ನೀವು ಮಾಡಬೇಕಾದದ್ದು ಆ ಫೋನನ್ನು ಮಾರದೆ, ರಿಸೆಟ್ ಮಾಡದೆ ಇಟ್ಟುಕೊಳ್ಳುವುದು.

ನಗದು ಕೊಟ್ಟಿದ್ದರೆ ಕಷ್ಟ ಹೆಚ್ಚು, ದಾರಿ ಇಲ್ಲವೆಂದಲ್ಲ. ಅದೇ ದಿನ ಎಟಿಎಂನಿಂದ ತೆಗೆದ ದಾಖಲೆ, ಜೊತೆಗಿದ್ದವರ ಹೆಸರು, ಆಸುಪಾಸಿನ ಅಂಗಡಿಯ ಸಿಸಿ ಕ್ಯಾಮರಾ ಕೆಲಸಕ್ಕೆ ಬರುತ್ತವೆ. ಕ್ಯಾಮರಾದ ಚಿತ್ರ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ, ಅದನ್ನು ಉಳಿಸಿಡುವಂತೆ ಅಂಗಡಿಯವರಿಗೆ ಬರೆದು ಕೊಡಿ. ಮಾರಿದವನಿಗೆ ಜಗಳದ ದನಿಯಿಲ್ಲದ ಒಂದು ಮೆಸೇಜು ಕಳಿಸಿ: ‘ಭಾನುವಾರ ಶಿರಸಿಯಲ್ಲಿ ನಿಮಗೆ ಕೊಟ್ಟ 38,000ಕ್ಕೆ ಒಂದು ರಸೀದಿ ಬೇಕಿತ್ತು, 10 ನಾಣ್ಯ ಎಂದು ಬರೆದು ಕಳಿಸುತ್ತೀರಾ?’ ‘ಆಯ್ತು’ ಎಂದನೆಂದರೂ ‘ರಸೀದಿ ಗಿಸೀದಿ ಇಲ್ಲ’ ಎಂದನೆಂದರೂ, ದುಡ್ಡು ಪಡೆದದ್ದನ್ನು ಅವನು ಅಲ್ಲಗಳೆದಂತಾಗಲಿಲ್ಲ. ಮಾರಿಕಾಂಬಾ ಜಾತ್ರೆಯಂಥ ಕಡೆ ತಾತ್ಕಾಲಿಕ ಅಂಗಡಿಯಿಂದ ಕೊಂಡಿದ್ದರೆ, ಆ ಜಾಗವನ್ನು ಯಾರ ಹೆಸರಿಗೆ ಬಿಟ್ಟಿದ್ದರು ಎಂಬುದು ಜಾಗ ಬಾಡಿಗೆಗೆ ಕೊಟ್ಟವರ ದಾಖಲೆಯಲ್ಲಿ ಇರುತ್ತದೆ. ಪೊಲೀಸರಿಗೆ ಆ ಎಳೆ ತೋರಿಸಿ.

ವಸ್ತುವನ್ನು ಮುಟ್ಟುವ ಬಗೆ

ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ನೋಡುವುದು, ಅಂಚನ್ನು ಅರದಿಂದ ಗೀರುವುದು, ಆಸಿಡ್ ಬಿಡುವುದು ಯಾವುದೂ ಬೇಡ. ‘ನಾನು ಕೊಟ್ಟಾಗ ಚೆನ್ನಾಗಿತ್ತು, ಇವರೇ ಹಾಳು ಮಾಡಿದರು’ ಎನ್ನಲು ಅವನಿಗೆ ಅಷ್ಟೇ ಸಾಕು. ಮೇಲಾಗಿ ತಿಕ್ಕಿದ ನಾಣ್ಯ ಅಸಲಿಯೇ ಆಗಿದ್ದರೂ ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ.

ಬೆಳ್ಳಿ ರೂಪಾಯಿಗೆ ತೂಕವೇ ಮೊದಲ ಸಾಕ್ಷಿ. ಬ್ರಿಟಿಷ್ ಇಂಡಿಯಾದ ಒಂದು ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನವುಗಳಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ ಅರ್ಧಕ್ಕೆ ಇಳಿಯಿತು. 1946 ಮತ್ತು 1947ರವು ನಿಕಲ್, ಅಯಸ್ಕಾಂತಕ್ಕೆ ಅಂಟುತ್ತವೆ. ಚಲಾವಣೆಯಲ್ಲಿ ಸವೆದದ್ದು ಸ್ವಲ್ಪ ಹಗುರಾಗಿರುವುದು ಸಹಜ, ಆದರೆ ಹೂವಿನ ಬಳ್ಳಿ, ಕಿರೀಟದ ಗೆರೆಗಳೆಲ್ಲ ಚೂಪಾಗಿದ್ದೂ 10 ಗ್ರಾಂ ಮುಟ್ಟದ ನಾಣ್ಯವನ್ನು ಸವೆತ ಎಂದು ಸಮರ್ಥಿಸಿಕೊಳ್ಳಲಾಗದು. ಹತ್ತು ನಾಣ್ಯ ಒಟ್ಟಿಗೆ ಕೊಂಡಿದ್ದರೆ ಎಲ್ಲವನ್ನೂ ಬೇರೆಬೇರೆಯಾಗಿ ತೂಗಿಸಿ. ಒಂದೇ ಅಚ್ಚಿನಿಂದ ಎರಕ ಹೊಯ್ದ ಖೋಟಾಗಳಲ್ಲಿ ಒಂದೇ ಗುಳಿ, ಒಂದೇ ಗೀರು ಒಂದೇ ಜಾಗದಲ್ಲಿ ಎರಡು ಮೂರು ನಾಣ್ಯಗಳ ಮೇಲೆ ಕಾಣುತ್ತದೆ. ಇದಕ್ಕಿಂತ ಬಲವಾದ ಪುರಾವೆ ಇನ್ನೊಂದು ಸಿಗುವುದು ಕಷ್ಟ. ಎರಡನ್ನೂ ಅಕ್ಕಪಕ್ಕ ಇಟ್ಟು ಹತ್ತಿರದಿಂದ ಫೋಟೋ ತೆಗೆಯಿರಿ.

ತೂಕವನ್ನು ಮನೆಯ ತಕ್ಕಡಿಯಲ್ಲಿ ನೋಡಿದರೆ ಸಾಲದು. ಕಾರವಾರ, ಕುಮಟಾ, ಶಿರಸಿಯಲ್ಲಿ ಲೋಹ ಪರೀಕ್ಷೆಯ ಯಂತ್ರ ಇಟ್ಟುಕೊಂಡ ಶೇಟರ (ಅಕ್ಕಸಾಲಿಗರ) ಅಂಗಡಿ ಅಥವಾ ಹಾಲ್‌ಮಾರ್ಕ್ ಕೇಂದ್ರ ವಿಚಾರಿಸಿ, ತೂಕ ಮತ್ತು ಬೆಳ್ಳಿಯ ಪ್ರಮಾಣ ನಮೂದಿಸಿದ ಚೀಟಿ ದಿನಾಂಕ, ಸಹಿಯೊಂದಿಗೆ ಪಡೆಯಿರಿ. ಲೋಹ ಸರಿಯಿದೆ, ಇಸವಿ ತಿದ್ದಿದ್ದಾರೆ ಎಂಬ ಅನುಮಾನವಿದ್ದರೆ (ವಿರಳವಾದ 1939ರ ರೂಪಾಯಿಯಲ್ಲಿ ಈ ಅನುಮಾನ ಯಾವಾಗಲೂ ಇರಬೇಕು) ಶೇಟರಿಂದ ಆಗದು, ನಾಣ್ಯ ಬಲ್ಲವರ ಲಿಖಿತ ಅಭಿಪ್ರಾಯ ಬೇಕು. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ಮೇಲೆ ರಾಮ-ಸೀತೆ ಅಥವಾ ಹನುಮಂತನ ಚಿತ್ರ ಇರುವ ‘ಆಣೆ’ಗೆ ಅದೂ ಬೇಡ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ‘ಅಕ್ಕಿ ಎಳೆಯುವ ನಾಣ್ಯ’ ಎಂದು ಲಕ್ಷಗಟ್ಟಲೆಗೆ ಮಾರುವವರ ಚೀಲದಲ್ಲಿರುವುದೂ ಇಂಥದ್ದೇ.

ಪರೀಕ್ಷೆ ಮುಗಿದ ಮೇಲೆ ನಾಣ್ಯಗಳನ್ನು ಕಾಗದದ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ನೀವೂ ಇನ್ನೊಬ್ಬರೂ ಸಹಿ ಮಾಡಿ ಇಟ್ಟುಬಿಡಿ. ಮತ್ತೆ ಮತ್ತೆ ತೆಗೆದು ತೋರಿಸುತ್ತಾ ತಿರುಗಬೇಡಿ.

‘ಮಾಲು ಒಪ್ಪಿಗೆಯಿಲ್ಲ’ ಎಂದು ಬರಹದಲ್ಲಿ ತಿಳಿಸಿ

ಸರಕು ಮಾರಾಟ ಕಾಯ್ದೆ 1930ನೇ ಇಸವಿಯದು (ಸಹಾಯವಾಣಿಯ ಸಂಖ್ಯೆಯೂ ಅದೇ, ಗೊಂದಲ ಬೇಡ). ಅದರ 15ನೇ ಕಲಮಿನ ಪ್ರಕಾರ ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. ಮಾರಿದವನು ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಾದರೂ ಇದು ಅನ್ವಯಿಸುತ್ತದೆ. ‘1862ರ ಬೆಳ್ಳಿ ರೂಪಾಯಿ’ ಎಂದು ಹೇಳಿ ಬಿಳಿ ಲೋಹ ಕೊಟ್ಟರೆ ಷರತ್ತು ಮುರಿದಂತೆ. ಆದರೆ 42ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ತಕ್ಕಷ್ಟು ಸಮಯ ಕಳೆದರೂ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಕೊಂಡವನು ಒಪ್ಪಿಕೊಂಡಂತೆ. ‘ಆಮೇಲೆ ನೋಡೋಣ’ ಎಂದು ಆರು ತಿಂಗಳು ಬಿಟ್ಟವರ ಕೇಸು ಸೋಲುವುದು ಹೆಚ್ಚಾಗಿ ಇಲ್ಲೇ. ವಾಟ್ಸಾಪಿನಲ್ಲೂ ಅಂಚೆಯಲ್ಲೂ ಹೀಗೆ ತಿಳಿಸಿ:

‘ದಿನಾಂಕ … ರಂದು 1862ರಿಂದ 1901ರ ಬೆಳ್ಳಿ ರೂಪಾಯಿ ಎಂದು ಹೇಳಿ ನನಗೆ ಕೊಟ್ಟ 10 ನಾಣ್ಯಗಳು ನೀವು ಹೇಳಿದ ವಸ್ತುವಲ್ಲ ಎಂದು … ರ ಪರೀಕ್ಷೆಯಿಂದ ತಿಳಿದಿದೆ. ಅವನ್ನು ನಾನು ಸ್ವೀಕರಿಸುವುದಿಲ್ಲ. ನಾಣ್ಯಗಳು ನನ್ನ ಬಳಿ ಸುರಕ್ಷಿತವಾಗಿವೆ. ನಾನು ಕೊಟ್ಟ 38,000 ರೂ. ಅನ್ನು 7 ದಿನದೊಳಗೆ ಮರಳಿಸಿ, ನಾಣ್ಯ ಕೊಂಡೊಯ್ಯಬಹುದು.’

ಇಷ್ಟೇ. ಬೈಗುಳ, ಬೆದರಿಕೆ, ಮನೆತನದ ಮಾತು ಬೇಡ. ಇದಕ್ಕೆ ಬರುವ ಮಾಮೂಲಿ ಉತ್ತರ: ‘ಮೊದಲು ಮಾಲು ವಾಪಸ್ ಕಳಿಸಿ, ನೋಡಿ ದುಡ್ಡು ಹಾಕುತ್ತೇನೆ.’ ಕಳಿಸಬೇಡಿ. ಕಳಿಸಿದರೆ ಕೈಯಲ್ಲಿದ್ದ ಸಾಕ್ಷ್ಯವೂ ಹೋಯಿತು. ಒಪ್ಪಿಗೆಯಿಲ್ಲದ ಮಾಲನ್ನು ಕೊಂಡವನೇ ಹಿಂದಿರುಗಿಸಬೇಕಾಗಿಲ್ಲ, ಬೇಡವೆಂದು ತಿಳಿಸಿದರೆ ಸಾಕು ಎಂದು ಅದೇ ಕಾಯ್ದೆಯ 43ನೇ ಕಲಮು ಹೇಳುತ್ತದೆ. ಎರಡೂ ಕಡೆ ಒಪ್ಪುವ ಮೂರನೆಯವರ ಎದುರು ಅಥವಾ ಠಾಣೆಯಲ್ಲಿ, ಹಣ ಖಾತೆಗೆ ಬಂದದ್ದು ನೋಡಿಕೊಂಡು ಕೊಡಬಹುದು.

ಅಂಚೆಗೆ ಹೋದಾಗ ಗಮನಿಸಿ: ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಕೌಂಟರಿನಲ್ಲಿ ನೋಂದಣಿ ಸೇವೆಯೂ ತಲುಪಿದ ಪುರಾವೆಯೂ ಬೇಕೆಂದು ಬಾಯಿಬಿಟ್ಟು ಹೇಳಿ. ‘ವಿಳಾಸದಾರರು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ಹಿಂದೆ ಬಂದರೆ ತೆರೆಯದೆ ಹಾಗೆಯೇ ಇಟ್ಟುಕೊಳ್ಳಿ.

ಪೊಲೀಸ್ ದೂರು: ಮೊದಲಿನಿಂದಲೇ ಇದ್ದ ಕಪಟ ತೋರಿಸಬೇಕು

‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂದು ಠಾಣೆಯಲ್ಲಿ ಹೇಳುವುದು ಸಾಮಾನ್ಯ, ಎಷ್ಟೋ ಸಲ ಸರಿಯೂ ಹೌದು. ಕೊಟ್ಟ ಮಾತು ಆಮೇಲೆ ತಪ್ಪಿದರೆ ಅದು ಕರಾರು ಭಂಗ. ಮಾತು ಕೊಡುವಾಗಲೇ ಮೋಸದ ಉದ್ದೇಶವಿದ್ದರೆ ಅದು ವಂಚನೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಾಗಾಗಿ ದೂರಿನಲ್ಲಿ ನಿಮ್ಮ ನೋವಿಗಿಂತ ಅವನ ಉದ್ದೇಶಕ್ಕೆ ಜಾಗ ಕೊಡಿ. ಕಳಿಸಿದ ಫೋಟೋ ಬೇರೆ ಯಾರದೋ ಹರಾಜಿನ ಪುಟದ್ದು, ಹೇಳಿದ ಹೆಸರು ಒಂದು ಮತ್ತು ಯುಪಿಐನಲ್ಲಿ ಕಂಡ ಹೆಸರು ಇನ್ನೊಂದು, ದುಡ್ಡು ಬಂದ ಹತ್ತೇ ನಿಮಿಷಕ್ಕೆ ಬ್ಲಾಕ್ ಮಾಡಿದ್ದು, ಅದೇ ನಾಣ್ಯವನ್ನು ಮತ್ತೊಬ್ಬರಿಗೂ ಮಾರಿದ್ದು, ಕೊಟ್ಟ ವಿಳಾಸವೇ ಇಲ್ಲದ್ದು. ಇಂಥ ಎರಡು ಸಂಗತಿ ಇದ್ದರೂ ದೂರಿನ ಬಣ್ಣ ಬದಲಾಗುತ್ತದೆ. ಗುಂಪಿನಲ್ಲಿ ಮೋಸಹೋದವರು ಇನ್ನೊಬ್ಬರಿದ್ದರೆ ಅವರಿಂದಲೂ ಪ್ರತ್ಯೇಕ ದೂರು ಕೊಡಿಸಿ.

ದೂರು ಎರಡು ಪುಟ ಮೀರದಿರಲಿ, ದಿನಾಂಕದ ಕ್ರಮದಲ್ಲಿರಲಿ: ಏನು ಹೇಳಿದ, ಅದನ್ನು ನಂಬಿ ಎಷ್ಟು ಕೊಟ್ಟೆ, ಏನು ಬಂತು, ಅದು ಬೇರೆಯೆಂದು ಹೇಗೆ ಗೊತ್ತಾಯಿತು, ಕೇಳಿದಾಗ ಏನೆಂದ. ಕಲಮುಗಳನ್ನು ನೀವೇ ಬರೆಯಬೇಕೆಂದಿಲ್ಲ, ಆದರೂ ತಿಳಿದಿರಲಿ. ವಂಚಿಸಿ ಆಸ್ತಿ ಕೊಡಿಸಿಕೊಂಡದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318(4), ಏಳು ವರ್ಷದವರೆಗೆ ಶಿಕ್ಷೆ. ಬೇರೆಯವನ ಸೋಗು ಹಾಕಿದ್ದರೆ 319. ಅದನ್ನು ಫೋನು, ಕಂಪ್ಯೂಟರ್ ಬಳಸಿ ಮಾಡಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ. ವ್ಯವಹಾರ 2024ರ ಜುಲೈ 1ಕ್ಕಿಂತ ಮೊದಲಿನದಾದರೆ ಹಳೆಯ 420ನೇ ಕಲಮು.

ಆನ್‌ಲೈನ್ ವ್ಯವಹಾರವಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ ಕಾರವಾರದಲ್ಲಿದೆ. ಮುಂಡಗೋಡದವರೋ ಸಿದ್ದಾಪುರದವರೋ ಅಷ್ಟಕ್ಕೇ ಘಟ್ಟ ಇಳಿಯಬೇಕೆಂದಿಲ್ಲ, ನಿಮ್ಮ ಹತ್ತಿರದ ಠಾಣೆಯಲ್ಲೇ ಕೊಡಬಹುದು. ಮಾರಿದವನು ಮಡಗಾಂವದವನೋ ಹುಬ್ಬಳ್ಳಿಯವನೋ ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ. ಯಾವ ಠಾಣೆಯ ವ್ಯಾಪ್ತಿಯಾದರೂ ಮಾಹಿತಿ ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸದಿದ್ದರೆ ಕಾರಣ ಸಹಿತ ಹಿಂಬರಹ ಕೇಳಿ. ಅದನ್ನಿಟ್ಟು ಕಾರವಾರದ ಎಸ್ಪಿ ಕಚೇರಿಗೆ ಅಂಚೆಯಲ್ಲಿ ದೂರು ಕಳಿಸಿ, ಅಲ್ಲೂ ಆಗದಿದ್ದರೆ ನಿಮ್ಮ ತಾಲೂಕಿನ ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ಕೋರ್ಟಿಗೆ ಅರ್ಜಿ ಹಾಕಬಹುದು. ಎಸ್ಪಿ ಮೆಟ್ಟಿಲು ತಪ್ಪಿಸಿ ನೇರ ಕೋರ್ಟಿಗೆ ಹೋದ ಅರ್ಜಿ ಮರಳಿ ಬರುತ್ತದೆ.

ತಡೆಹಿಡಿದ ಹಣ ತಾನಾಗಿ ಬರುವುದಿಲ್ಲ

‘ನಿಮ್ಮ ಹಣ ಹೋಲ್ಡ್ ಆಗಿದೆ’ ಎಂದು ಸಂದೇಶ ಬಂದ ಮೇಲೆ ಬಹಳ ಜನ ಸುಮ್ಮನೆ ಕಾಯುತ್ತಾರೆ. ಹೋಲ್ಡ್ ಎಂದರೆ ಆ ಹಣ ಅವನ ಕೈಗೂ ಇಲ್ಲ, ನಿಮ್ಮ ಕೈಗೂ ಇಲ್ಲ. ತನಿಖಾಧಿಕಾರಿಯಿಂದ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ನಿಂತಿದೆ ಎಂಬ ವಿವರ ಪಡೆದು, ಅದನ್ನು ನಿಮಗೆ ಬಿಡುಗಡೆ ಮಾಡುವಂತೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು; ಮೊತ್ತ ಸಣ್ಣದಾದರೆ ಕೋರ್ಟಿನ ಆದೇಶ ಬೇಕೇ ಎಂದು ಮೊದಲು ಆ ಅಧಿಕಾರಿಯನ್ನೇ ಕೇಳಿ. ಜೊತೆಗೆ ಎಫ್‌ಐಆರ್ ಪ್ರತಿ, 1930ರ ಸ್ವೀಕೃತಿ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿ. ಸಾಮಾನ್ಯವಾಗಿ ಬಾಂಡ್ ಬರೆಸಿಕೊಂಡು ಬಿಡುಗಡೆಗೆ ಆದೇಶಿಸುತ್ತಾರೆ. ಆದೇಶದಲ್ಲಿ ಬ್ಯಾಂಕ್, ಶಾಖೆ, ಖಾತೆ ಸಂಖ್ಯೆ, ಮೊತ್ತ ಅಕ್ಷರಶಃ ಸರಿಯಿದೆಯೇ ನೋಡಿಕೊಳ್ಳಿ. ಒಂದು ಅಂಕಿ ತಪ್ಪಿದರೂ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ, ತಿದ್ದುಪಡಿಗೆ ಇನ್ನೊಂದು ದಿನಾಂಕ ಕಾಯಬೇಕು.

ಸಿವಿಲ್ ದಾವೆ ಯಾವಾಗ

ಮಾರಿದವನ ಹೆಸರು, ಮನೆ ಗೊತ್ತಿದ್ದು, ಕ್ರಿಮಿನಲ್ ಉದ್ದೇಶ ತೋರಿಸುವುದು ಕಷ್ಟವಾಗಿದ್ದರೆ ಇದೇ ಸರಿಯಾದ ದಾರಿ. ಲಾಯರ್ ನೋಟಿಸಿನ ನಂತರ ಹಣ ವಸೂಲಿಯ ದಾವೆ. ದುಡ್ಡು ಶಿರಸಿಯಿಂದ ಹೋಗಿದ್ದರೆ, ಮಾಲು ಶಿರಸಿಗೆ ಬಂದಿದ್ದರೆ, ವ್ಯಾಜ್ಯದ ಕಾರಣ ಭಾಗಶಃ ಶಿರಸಿಯಲ್ಲೇ ಹುಟ್ಟಿದೆ ಎಂದು ಅಲ್ಲಿನ ಕೋರ್ಟಿನಲ್ಲೇ ಹೂಡಬಹುದು. ಅವಧಿ ಮೂರು ವರ್ಷ. ಮೋಸವಾಗಿದ್ದರೆ ಅದು ಗೊತ್ತಾದ ದಿನದಿಂದ ಎಣಿಕೆ. ಲೆಕ್ಕ ಹಾಕಿ ಮುಂದುವರಿಯಿರಿ: 6,000 ರೂ. ನಾಣ್ಯಕ್ಕೆ ದಾವೆ ಹೂಡಿದರೆ ಓಡಾಟದ ಖರ್ಚೇ ಅದನ್ನು ನುಂಗುತ್ತದೆ. ಅಂಥ ಸಣ್ಣ ಮೊತ್ತಕ್ಕೆ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟು, ದಾವೆಗೆ ಮುಂಚಿನ ಪ್ರಕರಣವಾಗಿ ಲೋಕ ಅದಾಲತ್‌ಗೆ ಕರೆಸುವುದು ಮೇಲು. ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆದರೆ ಎದುರಿನವನು ಬಂದು ಒಪ್ಪಬೇಕು.

ದುಡ್ಡು ಮರಳಿಸಲು ಅವನು ಚೆಕ್ ಕೊಟ್ಟು ಅದು ಬೌನ್ಸ್ ಆದರೆ ನಿಮ್ಮ ಕೈ ಮೇಲಾಯಿತು. ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ಅದು ತಲುಪಿ 15 ದಿನ ಕಾಯುವುದು, ನಂತರದ ಒಂದು ತಿಂಗಳೊಳಗೆ ನೆಗೋಶಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು. ಈ ಮೂರು ಗಡುವಿನಲ್ಲಿ ಯಾವುದನ್ನೂ ಸಡಿಲ ಬಿಡಬೇಡಿ.

ಗ್ರಾಹಕರ ಆಯೋಗ ಖಾಸಗಿ ಮಾರಾಟಕ್ಕೆ ಅಲ್ಲ. ಸಂಗ್ರಹದಿಂದ ಒಂದೆರಡು ಮಾರಿದವನು ವ್ಯಾಪಾರಿಯಾಗುವುದಿಲ್ಲ. ಅದನ್ನೇ ಕಸುಬಾಗಿಸಿಕೊಂಡು ದಿನವೂ ಮಾರುವವನಾದರೆ ಮಾತ್ರ, ಅವನ ಹಳೆಯ ಜಾಹೀರಾತುಗಳನ್ನು ಲಗತ್ತಿಸಿ, ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷದವರೆಗಾದರೆ ಶುಲ್ಕವಿಲ್ಲ.

ದೂರು ಕೊಡುವ ಮೊದಲು ವಸ್ತು ಯಾವುದೆಂದು ನೋಡಿಕೊಳ್ಳಿ

ಕೊಂಡದ್ದು ದಂತದ ಕೆತ್ತನೆ, ಹುಲಿಯುಗುರು ಆಗಿದ್ದರೆ ವನ್ಯಜೀವಿ ಕಾಯ್ದೆಯಡಿ ವ್ಯಾಪಾರವೇ ನಿಷಿದ್ಧ, ಕೊಂಡವರೂ ಸಿಕ್ಕಿಬೀಳುತ್ತಾರೆ. ನೂರು ವರ್ಷ ದಾಟಿದ ಕಲ್ಲಿನ ಅಥವಾ ಲೋಹದ ವಿಗ್ರಹ 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತದೆ. ದೇವಸ್ಥಾನದಿಂದ ಕದ್ದದ್ದಾದರೆ ಇನ್ನೂ ಬೇರೆ ಕಥೆ. ಗೋಕರ್ಣದ ಬೀದಿಯಲ್ಲಿ ‘ಐನೂರು ವರ್ಷ ಹಳೆಯದು’ ಎಂದು ಮಾರುವ ವಿಗ್ರಹ ಕಳೆದ ವರ್ಷದ ಎರಕವಾಗಿದ್ದರೆ ನಿಮಗೆ ಹೋದದ್ದು ಬರೀ ದುಡ್ಡು, ನಿಜವಾಗಿಯೂ ಹಳೆಯದಾಗಿದ್ದರೆ ತಲೆನೋವು ದೊಡ್ಡದು. ಇಂಥ ವಸ್ತುವಾದರೆ ಠಾಣೆಗೆ ಹೋಗುವ ಮೊದಲು ವಕೀಲರನ್ನು ಕಾಣಿ. ಮುಚ್ಚಿಡಲು ಅಥವಾ ಬೇರೆಯವರಿಗೆ ದಾಟಿಸಲು ಹೋಗಬೇಡಿ.

ರಾಜಿಯ ಮಾತು ಬಂದಾಗ

ಎಫ್‌ಐಆರ್ ಆದ ಮೇಲೆ ಹೆಚ್ಚಿನವರು ರಾಜಿಗೆ ಬರುತ್ತಾರೆ. ಬರಲಿ. ‘ಕೇಸ್ ಹಿಂದಕ್ಕೆ ತೆಗೆದುಕೊಳ್ಳಿ, ನಾಳೆ ಹಾಕುತ್ತೇನೆ’ ಎಂಬುದಕ್ಕೆ ಒಪ್ಪಬೇಡಿ. 318(4)ರ ಪ್ರಕರಣವನ್ನು ರಾಜಿ ಮಾಡಿಕೊಳ್ಳಲು ಕೋರ್ಟಿನ ಅನುಮತಿ ಬೇಕೇ ಬೇಕು, ಠಾಣೆಯ ಮೇಜಿನ ಮೇಲೆ ಮುಗಿಯುವಂಥದ್ದಲ್ಲ. ಮೊತ್ತ, ದಿನಾಂಕ, ನಾಣ್ಯ ಹಸ್ತಾಂತರ ಎಲ್ಲ ಬರಹದಲ್ಲಿರಲಿ. ಹಣ ಖಾತೆಗೆ, ನಗದಲ್ಲ. ಕಂತಿಗೆ ಒಪ್ಪುವುದಾದರೆ ಪ್ರತಿ ಕಂತಿಗೂ ದಿನಾಂಕ ಹಾಕಿದ ಚೆಕ್ ಪಡೆದು, ಕೊನೆಯ ಕಂತು ಜಮೆಯಾದ ಮೇಲೆ, ರಾಜಿಗೆ ಅನುಮತಿ ಕೇಳಿ ಕೋರ್ಟಿಗೆ ಕೊಡುವ ಜಂಟಿ ಅರ್ಜಿಗೆ ಸಹಿ ಮಾಡಿ.

ಈ ನಡುವೆ ಇನ್ನೊಂದು ಫೋನ್ ಬಂದೇ ಬರುತ್ತದೆ: ‘ನಿಮ್ಮ ಹಣ ರಿಕವರಿ ಮಾಡಿಕೊಡುತ್ತೇವೆ, ಶೇಕಡಾ ಹತ್ತು ಮುಂಗಡ’, ಇಲ್ಲವೇ ‘ರಿಸರ್ವ್ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ನಾಣ್ಯಕ್ಕೆ ಕಮಿಷನ್ ಕಟ್ಟಿ’. ಹಳೆ ನಾಣ್ಯ, ನೋಟಿನ ವ್ಯವಹಾರದಲ್ಲಿ ತಾನು ತೊಡಗಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ಅಥವಾ ಕಮಿಷನ್ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಮೋಸಹೋದವರ ನಂಬರುಗಳು ಇವರ ನಡುವೆ ಕೈ ಬದಲಾಗುತ್ತಿರುತ್ತವೆ. ಅಂಥ ಕರೆ ಬಂದರೆ ಆ ನಂಬರನ್ನೂ ನಿಮ್ಮ ಹಳೆಯ ದೂರಿನ ಸಂಖ್ಯೆಗೆ ಸೇರಿಸುವಂತೆ ತನಿಖಾಧಿಕಾರಿಗೆ ಬರೆದು ಕೊಡಿ.